ಎರಡು ಕೈಯ ಕೌದಿ

ಪಕ್ಕದ ಕ್ಲಿಪ್ಪುಗಳನ್ನು ಬಿಚ್ಚಿದ್ದೇ ತಡ, ಕೌದಿಯ ನಡು ಒಳಕ್ಕೆ ಸರಿದುಬಿಟ್ಟಿತು. ದಾನೇಶ್ವರಿ ಟೇಪು ಹಿಡಿದು ಅಳೆದಳು. ಮೇಲೆ ಅರವತ್ತು ಇಂಚು, ಕೆಳಗೆ ಅರವತ್ತು, ನಡುವೆ ಐವತ್ತೇಳು. ಟೇಪಿನದೇ ತಪ್ಪಿರಬೇಕೆಂದು ಇನ್ನೊಮ್ಮೆ ಅಳೆದಳು. ಟೇಪಿಗೆ ಯಾರ ಮುಲಾಜೂ ಇಲ್ಲ, ಐವತ್ತೇಳೆಂದರೆ ಐವತ್ತೇಳೇ.

ಸಂಕೇಶ್ವರದ ಹೆದ್ದಾರಿ ಬದಿಯ ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಫ್ರೇಮ್ ಮಷಿನ್. ಹನ್ನೆರಡು ಅಡಿ ಉದ್ದದ ಕಬ್ಬಿಣದ ಚೌಕಟ್ಟು, ಬಟ್ಟೆ ಸುತ್ತಿಕೊಳ್ಳಲು ಉರುಳುವ ಕೊಳವೆಗಳು, ಹಳಿಯ ಮೇಲೆ ಓಡಾಡುವ ಹೊಲಿಗೆ ಯಂತ್ರ. ಎರಡೂ ಹಿಡಿಕೆ ಹಿಡಿದು ನಡೆಸಿದರೆ ತಿಂಗಳುಗಟ್ಟಲೆ ಕೂತು ಹೊಲಿಯುವ ಕೌದಿ ಒಂದೇ ದಿನಕ್ಕೆ ಮುಗಿಯುತ್ತದೆ. ಹತ್ತರಗಿಯಿಂದ ದಿನಾ ಬಸ್ಸಿಗೆ ಬಂದು ದಾನೇಶ್ವರಿ ಎರಡು ವರ್ಷದಿಂದ ಅದನ್ನು ನಡೆಸುತ್ತಿದ್ದಾಳೆ. ಅವಳ ಒಂದು ಕೌದಿಯೂ ಇದುವರೆಗೆ ಚೌಕ ತಪ್ಪಿರಲಿಲ್ಲ. ತಪ್ಪಬಾರದ ಕೌದಿಯೇ ತಪ್ಪಿತು.

ಮಾಲೀಕ ರಾಜಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದ.

"ಎಷ್ಟ ಸಲ ಹೇಳೀನಿ ನಿನಗ? ಕ್ಲಿಪ್ಪ ಇರೂದು ಅರಿವಿ ಹಿಡಿಯಾಕ, ಜಗ್ಗಾಕ ಅಲ್ಲ. ಕೆಳಗಿನ ಸೀರಿ ಜಗ್ಗಿ ಕಟ್ಟೀದಿ. ಬಿಟ್ಟ ಮ್ಯಾಲ ಅದು ತನ್ನ ಜಾಗಾಕ್ಕ ಹೋತು. ಹೋಗೂವಾಗ ಮ್ಯಾಲಿಂದನ್ನೂ ಎಳಕೊಂಡ ಹೋತು."

"ಸುಕ್ಕ ಬೀಳಾಕತ್ತಿತ್ರಿ ಮಾಸ್ತರ್ರ. ಇದರಾಗ ಒಂದೂ ಸುಕ್ಕ ಇರಬಾರದು ಅಂತ..."

"ಯಾಕ, ಇದನ್ನೇನ ರಾಣಿ ಹೊಚ್ಕೋತಾಳೇನು?"

ರಾಣಿಯಲ್ಲ, ಮೂಡಲಗಿಯ ಅಕ್ಕ ಸುಜಾತಾಳ ಮೊಮ್ಮಗು. ಅದಿನ್ನೂ ಹುಟ್ಟಿರಲಿಲ್ಲ. ಹೋದ ವಾರ ಅಕ್ಕನ ಅಳಿಯ ವಿಶಾಲ ಒಂದು ಚೀಲ ತಂದು ಇದೇ ಶೆಡ್ಡಿನ ಮೇಜಿನ ಮೇಲೆ ಇಟ್ಟಿದ್ದ. "ಸುಮನ್‌ದು ಚೊಚ್ಚಲ ಬಾಣಂತನ ಅಲ್ರಿ, ಅತ್ತಿಯವರು ಸೀರಿ ಕೊಟ್ಟಾರ. ಮಷಿನ್ಯಾಗ ಕೌದಿ ಮಾಡಿಸ್ಕೊಂಡ ಬಾ ಅಂದ್ರು."

"ನನ್ನ ಕಡೆನ ಕೊಡು ಅಂದಳೇನಪಾ?"

"ಹಂಗೇನ ಅನ್ಲಿಲ್ರಿ," ಎಂದು ಆತ ಮುಖ ಬೇರೆ ಕಡೆ ತಿರುಗಿಸಿದ್ದ.

ಅನ್ನದಿದ್ದರೇನಾಯಿತು? ಆ ಕಡೆ ಕೌದಿಯ ಮಷಿನ್ ಇನ್ನೊಂದಿರಲಿಲ್ಲ. ಅದನ್ನು ನಡೆಸುವವಳು ಯಾರೆಂಬುದು ಅಕ್ಕನಿಗೆ ಗೊತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ದಾನೇಶ್ವರಿ ಅಷ್ಟನ್ನೇ ಹಿಡಿದುಕೊಂಡಳು. ಚೀಲದಲ್ಲಿ ಅವ್ವ ಕೆಂಚವ್ವನ ಮೂರು ಸೀರೆಗಳಿದ್ದವು. ಕೆಂಪು ಸೆರಗಿನ ಇಳಕಲ್ ಸೀರೆಗೆ ಮುಖವಿಟ್ಟಳು. ಅವ್ವನ ವಾಸನೆ ಇರಲಿಲ್ಲ, ಡಾಂಬರು ಗುಳಿಗೆಯ ವಾಸನೆ ಇತ್ತು. ಆದರೂ ಮುಖ ತೆಗೆಯಲು ಮನಸ್ಸಾಗಲಿಲ್ಲ.

ಅಕ್ಕ ಮಾತು ಬಿಟ್ಟು ಮೂರು ವರ್ಷ. ಅಕ್ಕನ ಮಗಳು ಸುಮನ್‌ಳ ಮದುವೆ ದೂರದ ಜಮಖಂಡಿಯಲ್ಲಿತ್ತು. ಅವ್ವ ಹತ್ತರಗಿಯಲ್ಲಿ ಹಾಸಿಗೆ ಹಿಡಿದಿದ್ದಳು, ಊರಲ್ಲೇ ಕೊಟ್ಟ ಮಗಳು ದಾನೇಶ್ವರಿ ಪಕ್ಕದಲ್ಲಿದ್ದಳು. "ಸುಮನ್ ತಲಿಮ್ಯಾಲ ಅಕ್ಕಿಕಾಳು ಬೀಳೂತನಕ ಸುಜಿಗೆ ಏನೂ ಹೇಳಬ್ಯಾಡ, ಆಣಿ ಮಾಡು," ಎಂದು ಅವ್ವ ಕೈ ಹಿಡಿದಿದ್ದಳು. ಅಕ್ಕ ಫೋನು ಮಾಡಿದಾಗೆಲ್ಲ ದಾನೇಶ್ವರಿ "ಬರೇ ಜ್ವರ" ಎಂದಳು. ಮದುವೆಯ ದಿನ ನಸುಕಿನಲ್ಲೇ ಅವ್ವ ಹೋದಳು. ಅಕ್ಕಿಕಾಳು ಬಿದ್ದದ್ದು ಮಧ್ಯಾಹ್ನ. ಆಮೇಲೆ ಹೇಳಿದಳು. ಹಿರಿಯರು ಹೊತ್ತು ಮುಳುಗುವವರೆಗೆ ಕಾಯಲಿಲ್ಲ. ಅಕ್ಕ ರೇಷ್ಮೆ ಸೀರೆಯಲ್ಲೇ ಓಡಿ ಬಂದಾಗ ಮಣ್ಣು ಕೊಟ್ಟು ಎಲ್ಲರೂ ಮನೆಗೆ ತಿರುಗಿದ್ದರು. "ನನ್ನ ಬಿಟ್ಟು ಮಣ್ಣ ಕೊಟ್ಟಿ," ಅಂದಳು. ಅದೇ ಕಡೆಯ ಮಾತು.

"ಎರಡೂ ಬಾಜೂ ಒಂದೂವರಿ ಇಂಚ ಕತ್ತರಿಸಿ ಪಟ್ಟಿ ಹಚ್ಚು, ಚೌಕ ಆಕ್ಕೈತಿ," ಅಂದ ರಾಜಪ್ಪ.

ಕತ್ತರಿಸಿದರೆ ಹೋಗುವುದು ಅವ್ವನ ಸೀರೆಯ ದಡಿ. ಬೇಡವೆಂದು ಕೌದಿಯನ್ನು ಮಡಚಿ ಮನೆಗೆ ಒಯ್ದಳು. ಮಷಿನ್ ಒಂದು ಹಗಲು ಹೊಲಿದದ್ದನ್ನು ಕೈಯಿಂದ ಬಿಚ್ಚಲು ನಾಲ್ಕು ದಿನ ಬೇಕಾಯಿತು. ಬಿಚ್ಚುತ್ತ ಬಿಚ್ಚುತ್ತ ಅವ್ವನ ಪಡಸಾಲೆ ನೆನಪಾಯಿತು. ಅಲ್ಲಿ ಫ್ರೇಮೂ ಇರಲಿಲ್ಲ, ಟೇಪೂ ಇರಲಿಲ್ಲ. ನೆಲದ ಮೇಲೆ ಸೀರೆ ಹಾಸಿ, ಎದುರುಬದುರು ಅಂಚಿಗೆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸುತ್ತಿದ್ದಳು. ಒಂದೊಂದು ಸಾಲು ಮುಗಿದಾಗಲೂ ಅವಳದು ಒಂದೇ ಕೂಗು: "ಸುಜಿ ಕೈ ಬಿಗಿ, ದಾನಿ ಕೈ ಸಡ್ಲ. ಕೂತಲ್ಲೇ ಕೂತ್ರ ಕೌದಿ ಸೊಟ್ಟ ಆಕ್ಕೈತಿ. ಏಳ್ರೆ, ಜಾಗಾ ಬದಲ ಮಾಡ್ರಿ!" ಬೈದುಕೊಳ್ಳುತ್ತ ಏಳುತ್ತಿದ್ದರು. ಅಕ್ಕ ಏಳುವ ನೆಪದಲ್ಲಿ ಇವಳ ಜಡೆ ಎಳೆಯುತ್ತಿದ್ದಳು. ಬೇಕೆನ್ನಿಸಿದ್ದು ಅಷ್ಟೇ, ಅಕ್ಕ ಒಂದು ಸಲ ಜಡೆ ಎಳೆಯಬೇಕು. ನಲವತ್ತೆರಡು ವರ್ಷದ ಹೆಂಗಸಿಗೆ ಹೇಳಿಕೊಳ್ಳುವ ಆಸೆಯೇ ಅದು? ಆದರೆ ಇದ್ದದ್ದು ಅದೇ.

ಐದನೆಯ ದಿನ ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದಳು. ಹುಕ್ಕೇರಿ, ಘಟಪ್ರಭಾ ದಾಟಿ, ಅರಭಾವಿಯಲ್ಲಿ ಕಾಲೇಜಿನ ಹುಡುಗಿಯರು ಇಳಿದ ಮೇಲೆ ಸೀಟು ಸಿಕ್ಕಿತು. ಚೀಲ ತೊಡೆಯ ಮೇಲಿತ್ತು. ಮೂಡಲಗಿ ಬರುವವರೆಗೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಸುಜಾತಾ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದಳು. ತಂಗಿಯನ್ನು ನೋಡಿದಳು. ನೋಡಿ, ಮತ್ತೆ ಜೋಳದಲ್ಲಿ ಹರಳು ಹುಡುಕತೊಡಗಿದಳು.

"ಸುಮನ್, ಯಾರೋ ಬಂದಾರ ನೋಡ."

ಸುಮನ್ ಸೊಂಟಕ್ಕೆ ಕೈಕೊಟ್ಟು ಹೊರಬಂದಳು. "ಯಾರೋ ಏನ ಯವ್ವಾ? ಚಿಗವ್ವ ಬಂದಾಳ!"

"ಚಹಾ ಕುಡಿತಾಳೇನ ಕೇಳ."

"ಕುಡಿತೇನಿ ಅಂತ ಹೇಳ," ಅಂದಳು ದಾನೇಶ್ವರಿ. ಇಬ್ಬರ ನಡುವೆ ಒಂದು ಮೊರದಷ್ಟೂ ಅಂತರವಿರಲಿಲ್ಲ.

"ಎಂಟ ತಿಂಗಳ ಬಸರಿ ಕಡೆ ಟಪಾಲ ಹಂಚಸ್ತೀರಲ್ಲ," ಎಂದು ಗೊಣಗುತ್ತ ಸುಮನ್ ಒಳಗೆ ಹೋಗಬೇಕು, ಅಷ್ಟರಲ್ಲಿ ದಾನೇಶ್ವರಿ ಕೌದಿಯನ್ನು ನೆಲಕ್ಕೆ ಹಾಸಿದಳು. ಸುತ್ತಲ ಅಂಚಿನಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಇತ್ತು. ಉಳಿದದ್ದೆಲ್ಲ ಬಿಚ್ಚಿದ ಸೂಜಿಯ ತೂತುಗಳ ಸಾಲು.

"ಮಷಿನ್ಯಾಗ ಹೊಲಿ ಅಂತ ಕಳಿಸಿದ್ದೆ. ಇದೇನ ಹಿಂಗ ಬಿಚ್ಚಿ ತಂದಾಳಂತ ಕೇಳ."

ಕಳಿಸಿದ್ದೆ ಅಂದಳು. ಅಂದರೆ ತನಗೇ ಕಳಿಸಿದ್ದಳು. ದಾನೇಶ್ವರಿ ಕೌದಿಯ ಮೂಲೆ ಸರಿಪಡಿಸಿದಳು. "ನನ್ನ ಒಬ್ಬಾಕಿ ಕೈಲೆ ಚೌಕ ಬರಲಿಲ್ಲ ಅಂತ ಹೇಳ."

ಸುಮನ್ ಇಬ್ಬರನ್ನೂ ನೋಡಿದಳು. ಚಹಾ ಕಾಯಿಸಲು ಹೋದಳು.

ಸುಜಾತಾ ಮೊರ ಸರಿಸಿದಳು. ಕೌದಿಯ ಮೂಲೆಯನ್ನು ಎದುರಿನ ಮೂಲೆಗೆ ಮಡಚಿ ನೋಡಿದಳು, ಅವ್ವ ನೋಡುತ್ತಿದ್ದಂತೆಯೇ. ಕೆಂಪು ಸೆರಗಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಗೋಡೆಯ ಗೂಡಿನಿಂದ ಸೂಜಿಡಬ್ಬಿ ತಂದು ಎರಡು ಸೂಜಿಗೆ ದಾರ ಪೋಣಿಸಿದಳು. ಒಂದನ್ನು ಕೌದಿಯ ಆಚೆ ಅಂಚಿಗೆ ಚುಚ್ಚಿಟ್ಟು, ಇನ್ನೊಂದನ್ನು ಹಿಡಿದು ಈಚೆ ಕೂತಳು.

ದಾನೇಶ್ವರಿ ಆಚೆ ಕೂತಳು. ಸುಮನ್ ತಂದಿಟ್ಟ ಚಹಾ ಆರಿತು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಬಂತು.

"ಅಕ್ಕಾ," ಅಂದಳು ದಾನೇಶ್ವರಿ, ತಲೆ ಎತ್ತದೆ. "ಅವ್ವ ಆಣಿ ಹಾಕಿಸ್ಕೊಂಡಿದ್ಲು. ಖರೆ ಅಂದ್ರ ನಾ ಆ ಆಣಿ ಮುರೀಬೇಕಾಗಿತ್ತು. ಮುರೀಲಿಲ್ಲ. ತಪ್ಪ ನಂದು."

ಅಕ್ಕನ ಸೂಜಿ ನಿಂತಿತು. ಒಳಗೆ ಕೂಗಿ ಸುಮನ್‌ಳನ್ನು ಕರೆಯುತ್ತಾಳೆಂದು ದಾನೇಶ್ವರಿ ಕಾದಳು. ಅಕ್ಕ ಕರೆಯಲಿಲ್ಲ. ಕಣ್ಣು ಒರೆಸಿಕೊಂಡಳೋ, ಮುಂಗುರುಳು ಸರಿಸಿದಳೋ, ಮೊಣಕೈ ಒಂದು ಸಲ ಮೇಲೆ ಹೋಗಿ ಬಂತು. ಸೂಜಿ ಮತ್ತೆ ನಡೆಯಿತು, ಮೊದಲಿಗಿಂತ ಬಿಗಿಯಾಗಿ.

ಸಾಲು ಮುಗಿಯಿತು. ದಾನೇಶ್ವರಿಯದು ಮೊದಲು, ಅಕ್ಕನದು ಆಮೇಲೆ. ಅಕ್ಕ ಹಲ್ಲಿನಿಂದ ದಾರ ಕಡಿದಳು. ಈಗ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಕೂಗಿ ಹೇಳಬೇಕಾದವಳು ಮಾತ್ರ ಇರಲಿಲ್ಲ. ತಾನಾಗಿ ಏಳಲು ದಾನೇಶ್ವರಿಗೆ ಧೈರ್ಯ ಬರಲಿಲ್ಲ. ಸೂಜಿ ಹಿಡಿದು ಹಾಗೇ ಕೂತಳು.

ಸುಜಾತಾ ಮೊಣಕಾಲಿಗೆ ಕೈಯೂರಿ ಎದ್ದಳು. ಕೌದಿಯನ್ನು ಬಳಸಿಕೊಂಡು ಬಂದು ತಂಗಿಯ ತಲೆಯ ಹಿಂದೆ ನಿಂತಳು.

"ಏಳ, ದಾನಿ."

ದಾನೇಶ್ವರಿ ಎದ್ದು ಆಚೆ ಹೋಗಿ ಕೂತಳು. ಅಕ್ಕ ಕೂತಿದ್ದ ನೆಲ ಇನ್ನೂ ಬೆಚ್ಚಗಿತ್ತು.