ನೂರೀನಳಿಗೆ ಇಟ್ಟ ತಟ್ಟೆ

ಸೃಷ್ಟಿಯ ನಾಲಿಗೆ ಉದ್ದ ಎಂದು ಆಳಂದದ ಆ ಓಣಿಗೆಲ್ಲ ಗೊತ್ತಿತ್ತು. ಬೇಕಾದ ಹೊತ್ತಿಗೆ ಅದು ಹೊರಳುವುದೇ ಇಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆ ಭಾನುವಾರ.

ನಾಲ್ಕು ತಿಂಗಳಿಂದ ಅವಳು ಗುರುನಾಥ ಮಾಸ್ತರರ ಗೆಳೆಯರ ಬಳಗಕ್ಕೆ ಹೋಗುತ್ತಿದ್ದಳು. ಎಲ್ಲ ಧರ್ಮದ ಹದಿನಾಲ್ಕು ಹದಿನೈದರ ಮಕ್ಕಳು ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಯಾರಾದರೂ ಇನ್ನೊಬ್ಬರ ಧರ್ಮವನ್ನು ಹೀಯಾಳಿಸಿದರೆ ಏನು ಮಾಡಬೇಕೆಂದು ನಾಟಕವಾಡಿ ಕಲಿಯುತ್ತಿದ್ದರು. "ಜಗಳಾ ತೆಗೀಬ್ಯಾಡ್ರಿ, ಸುಮ್ಮನೂ ಕೂಡಬ್ಯಾಡ್ರಿ. ಒಂದು ಪ್ರಶ್ನೆ ಕೇಳ್ರಿ," ಎನ್ನುತ್ತಿದ್ದರು ಮಾಸ್ತರರು. ನಾಟಕದಲ್ಲಿ ಸೃಷ್ಟಿಯದೇ ಮೇಲುಗೈ. ಸಿಡುಕಿನ ಅಜ್ಜಿಯ ಪಾತ್ರ ಮುಸ್ಲಿಂ ಹುಡುಗಿ ನೂರೀನಳದು. ಅವಳು ನಕ್ಕು ನಕ್ಕು ಸೋತುಬಿಡುತ್ತಿದ್ದಳು. ಹೀಗೆ ನಗುತ್ತಲೇ ಇಬ್ಬರೂ ಬಿಟ್ಟಿರಲಾರದ ಗೆಳತಿಯರಾದರು.

ಆ ವಾರದ ಪಾಠ ಬೇರೆ ಧರ್ಮದ ಗೆಳತಿಯನ್ನು ಮನೆಗೆ ಊಟಕ್ಕೆ ಕರೆಯುವುದು. ಸೃಷ್ಟಿ ನೂರೀನಳನ್ನು ಕರೆದಳು. ಸೃಷ್ಟಿಯ ಅಜ್ಜಿ ಸುಭದ್ರಾಬಾಯಿ, ಅಂದರೆ ಮನೆಯವರೆಲ್ಲರ ಆಯಿ, ಬೇಡ ಅನ್ನಲಿಲ್ಲ. ಲಿಂಗಪೂಜೆ ಮುಗಿಸಿ ತಾನೇ ರೊಟ್ಟಿ ಬಡಿದಳು. ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸೃಷ್ಟಿ ಹಿಗ್ಗಿ ಹೀರೇಕಾಯಿ ಆದಳು.

ಆಯಿ ಅಡಿಗೆಯನ್ನು ಲಿಂಗಕ್ಕೆ ಅರ್ಪಿಸಿದ ಮೇಲೆ ಊಟಕ್ಕೆ ಕೂತಾಗ ಸೃಷ್ಟಿಯ ಮುಂದೆ ಸ್ಟೀಲಿನ ತಟ್ಟೆ ಬಂತು. ಆಯಿ ತನಗೂ ಅಂಥದ್ದೇ ಇಟ್ಟುಕೊಂಡಳು. ನೂರೀನಳ ಮುಂದೆ ಮಾತ್ರ ಉಂಡು ಬಿಸಾಡುವ ಕಾಗದದ ತಟ್ಟೆ.

ನೂರೀನ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಸೃಷ್ಟಿ ಕೈಗೆತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಈಗ ಸುಮ್ಮನಿದ್ದರೆ ಇವಳು ಉಂಡು, ಚಲೋ ಇತ್ತು ಅಂದು ಹೋಗುತ್ತಾಳೆ, ಮತ್ತೆಂದೂ ಮನಸ್ಸು ಬಿಚ್ಚಿ ನಗುವುದಿಲ್ಲ. ಕೂಗಾಡಿದರೆ ಆಯಿಗೆ ಅವಮಾನ. ಪ್ರಶ್ನೆ ಕೇಳಬೇಕು, ಆದರೆ ಯಾವ ಪ್ರಶ್ನೆ? ನಾಟಕದಲ್ಲಿ ಪಟಪಟ ಉದುರುತ್ತಿದ್ದ ಮಾತು ಒಂದೂ ನೆನಪಾಗಲಿಲ್ಲ.

ಅಷ್ಟರಲ್ಲಿ ಒಂದೇ ರೊಟ್ಟಿ ಉಣ್ಣುವ ಆಯಿಯ ಊಟ ಮುಗಿಯಿತು. ಎಂದಿನಂತೆ ತಟ್ಟೆಗೆ ನೀರು ಸುರಿದು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದಳು. ಲಿಂಗಕ್ಕೆ ಅರ್ಪಿಸಿದ್ದೆಲ್ಲ ಪ್ರಸಾದ, ಅದರ ಒಂದು ಅಗುಳೂ ಕಸಕ್ಕೆ ಹೋಗಬಾರದು ಎಂದು ಸೃಷ್ಟಿಗೆ ಚಿಕ್ಕಂದಿನಿಂದ ಕಲಿಸಿದವಳೂ ಅವಳೇ.

"ಆಯಿ," ಎಂದಳು ಸೃಷ್ಟಿ. "ಮೂವರಿಗೂ ನೀಡಿದ್ದು ಒಂದೇ ಪ್ರಸಾದ. ನೂರೀನಳ ಈ ಕಾಗದದ ತಟ್ಟಿ ಹ್ಯಾಂಗ ತೊಳದು ಕುಡೀಬೇಕು? ಹತ್ತಿದ ಪಲ್ಯ ಹಂಗೇ ಕಸಕ್ಕ ಹೋಗ್ತದಲ್ಲ?"

"ನಡೀತದ್ರಿ ಆಯಿ," ಎಂದು ನೂರೀನ ಗಡಬಡಿಸಿದಳು. "ನಾಕೈದು ಮನ್ಯಾಗ ಹಿಂಗೇ ಉಂಡೇನ್ರಿ."

ಮೊಮ್ಮಗಳ ಪ್ರಶ್ನೆಗಿಂತ ಈ ಮಾತೇ ಆಯಿಗೆ ಹೆಚ್ಚು ನಾಟಿತು. ಅವಳು ಆ ಕಾಗದದ ತಟ್ಟೆಯನ್ನೇ ನೋಡುತ್ತ ಕೂತಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಸ್ಟೀಲಿನ ತಟ್ಟೆ ತಂದಳು. ನೂರೀನ ಮುರಿದ ರೊಟ್ಟಿಯನ್ನು ಅದಕ್ಕೆ ಹಾಕಿದಳು, ಕಾಗದಕ್ಕೆ ಅಂಟಿದ್ದ ಪಲ್ಯವನ್ನು ತನ್ನ ಬೆರಳಿನಿಂದಲೇ ಬಳಿದು ಹಾಕಿದಳು. ಬೇರೆಯವರ ಎಂಜಲನ್ನು ಆಯಿ ಮುಟ್ಟಿದ್ದನ್ನು ಸೃಷ್ಟಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ತಪ್ಪಾತವ್ವ," ಎಂದಳು ಆಯಿ. "ಎಪ್ಪತ್ತು ವರ್ಷ ಆದ್ವು, ನನಗ ಯಾರೂ ಇದನ್ನ ಕೇಳಿದ್ದಿಲ್ಲ."

ಸೃಷ್ಟಿಯ ಕಣ್ಣು ತುಂಬಿ ಬಂತು. ಪ್ರಶ್ನೆ ಕೇಳುವುದನ್ನು ಕಲಿಸಿದ ಮಾಸ್ತರರಿಗೆ, ಎದ್ದು ಹೋಗದೆ ಕೂತ ಗೆಳತಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ಎಲ್ಲರಿಗಿಂತ ಹೆಚ್ಚಾಗಿ, ಈ ವಯಸ್ಸಿನಲ್ಲಿ ಹದಿನೈದರ ಹುಡುಗಿಯ ಮಾತಿಗೆ ಕಿವಿಗೊಟ್ಟ ಆಯಿಗೆ. ನೂರೀನ ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

"ಮನ್ಯಾಗ ಹಿರ್ಯಾರು ಯಾರದಾರವ್ವ?" ಆಯಿ ಕೇಳಿದಳು.

"ನಮ್ಮ ದಾದಿ ಅದಾಳ್ರಿ, ಅಪ್ಪನ ಅವ್ವ, ಕರೀಮುನ್ನಿಸಾ ಅಂತ."

ಆಯಿ ಸಂಕೋಚದಿಂದ ಸೆರಗು ಎಳೆದುಕೊಂಡಳು.

"ಅಕಿಗಿ ಕೇಳಿ ನೋಡು, ಮುಂದಿನ ಐತಾರ ನಾ ನಿಮ್ಮ ಮನಿಗಿ ಉಣ್ಣಾಕ ಬರ್ಲೇನು ಅಂತ. ಯಾವ ತಟ್ಟ್ಯಾಗ ನೀಡಿದ್ರೂ ಉಣ್ತೇನಿ."