ಕುರ್ಚಿ ಸಿಗುವ ಕಾಯಿಲೆ

ವಾರಗಿತ್ತಿಯ ಮೂತ್ರಪಿಂಡದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ದಿನದಿಂದ ಹಿರಿಸೊಸೆಗೆ ಹೊಟ್ಟೆಯುರಿ. ಡಾಕ್ಟರು ಸ್ಟೆಂಟ್ ಎಂದದ್ದು ಇಸ್ತ್ರಿಯವರ ಬಾಯಲ್ಲಿ ಸ್ಪ್ರಿಂಗು. ಇಬ್ಬರೂ ಒಂದೇ ಮನೆಗೆ ಬಂದವರು, ಒಂದೇ ಆಸ್ಪತ್ರೆಯ ಬಟ್ಟೆಗಳನ್ನು ಹದಿನಾಲ್ಕು ವರ್ಷ ನಿಂತೇ ಇಸ್ತ್ರಿ ಮಾಡಿದವರು. ಇಬ್ಬರಿಗೂ ರಕ್ತದೊತ್ತಡ, ಇಬ್ಬರ ನಾಳವೂ ಕಿರಿದು. ಅವಳಿಗೆ ಸ್ಪ್ರಿಂಗು, ಇವಳಿಗೆ ಬರೀ ಗುಳಿಗೆ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಕೆಲಸಕ್ಕೆ ಮರಳಿದ ವಾರಗಿತ್ತಿಗೆ ಮೇಸ್ತ್ರಿ ಹಬೆಯಿಂದ ದೂರ, ಕಿಟಕಿಯ ಪಕ್ಕ ಕುರ್ಚಿ ಹಾಕಿಸಿದ. ಮನೆಯಲ್ಲಿ ಅತ್ತೆ, "ಅವಳೊಳಗೆ ತಂತಿ ಇದೆ" ಎಂದು ಅವಳು ಹೊರಬೇಕಿದ್ದ ನೀರಿನ ಬಕೆಟ್ಟನ್ನೂ ಇವಳ ಕೈಗೇ ದಾಟಿಸಿದರು.

ಹಬೆಯ ಕೊಳವೆ ಕಟ್ಟಿಕೊಂಡರೆ, ಮೀಟರಿನ ಮುಳ್ಳು ಕೆಂಪಿಗೆ ಏರುವವರೆಗೂ ರಿಪೇರಿಯವನು ಬರುವುದಿಲ್ಲ. ಇದು ಇಸ್ತ್ರಿಕೋಣೆಯ ಎಲ್ಲರಿಗೂ ಗೊತ್ತು. ತನ್ನ ಮುಳ್ಳನ್ನೂ ಏರಿಸಲು ಹಿರಿಸೊಸೆ ಐದು ದಿನ ಗುಳಿಗೆ ಬಿಟ್ಟಳು.

"ಇನ್ನೂರ ಹನ್ನೆರಡು! ಗುಳಿಗೆ ತಗೊಂಡೂ ಇಷ್ಟಾ?" ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಹಾಗಾದ್ರೆ ಸ್ಟೆಂಟ್ ಯೋಚಿಸ್ಬೇಕಾಗತ್ತೆ."

ತಲೆ ಸಿಡಿಯುತ್ತಿದ್ದರೂ ಹಿರಿಸೊಸೆಯ ತುಟಿಯಂಚಿನಲ್ಲಿ ನಗು. ಜೊತೆಗೆ ಬಂದಿದ್ದ ವಾರಗಿತ್ತಿ ಒಡೆಯದ ಗುಳಿಗೆಯ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು.

"ಇಸ್ತ್ರಿಮೇಜಿನ ಕಂಬಳಿ ಕೆಳಗೆ ಸಿಕ್ತು. ಅಕ್ಕ ನುಂಗಿಲ್ಲ."

"ಚಾಡಿಕೋರಿ! ನಿನಗೆ ಸಿಕ್ಕಿದ್ದು ನನಗೆ ಸಿಕ್ರೆ ಹೊಟ್ಟೆ ಉರಿಯತ್ತಾ?"

"ಉರಿಯೋದು ಯಾರ ಹೊಟ್ಟೆ ಅಂತ ಬೀದಿಗೆಲ್ಲ ಗೊತ್ತು." ಅವಳು ತನ್ನ ಡಬ್ಬಿ ತೆರೆದಳು. "ನೋಡಕ್ಕ, ಸ್ಪ್ರಿಂಗು ಹಾಕಿದ್ಮೇಲೂ ನನಗೆ ಇದೇ ನಾಲ್ಕು ಗುಳಿಗೆ. ದಿನಾ."

"ಇವರಿಗೆ ಎರಡು ಸಲ ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಅದಕ್ಕೇ ಹಾಕಿದ್ವಿ," ಎಂದರು ಡಾಕ್ಟರಮ್ಮ. "ನಿಮ್ಮದು ಗುಳಿಗೆಯಲ್ಲೇ ಹಿಡಿತಕ್ಕೆ ಬಂದಿತ್ತಲ್ಲಮ್ಮ. ಸುಮ್ಮನೆ ತಂತಿ ತೂರಿಸಿದ್ರೆ ನಾಳ ಹರಿಯಬಹುದು. ಹೀಗೆ ಗುಳಿಗೆ ಬಿಟ್ರೆ ಲಕ್ವಾನೇ ಹೊಡೀಬಹುದು."

ಹಿರಿಸೊಸೆ ಗುಳಿಗೆಯ ಪಟ್ಟಿಯನ್ನು ತನ್ನತ್ತ ಎಳೆದುಕೊಂಡಳು. "ನನಗೆ ಸ್ಪ್ರಿಂಗು ಯಾಕೆ ಡಾಕ್ಟರಮ್ಮ? ಕುರ್ಚಿ ಬೇಕಿತ್ತು."

ಡಾಕ್ಟರಮ್ಮ ಚೀಟಿಯಲ್ಲಿ ಹಳೆಯ ಗುಳಿಗೆಗಳನ್ನೇ ಮತ್ತೆ ಬರೆದರು. ಆ ಔಷಧಿ ಅವರ ಬಳಿ ಇರಲಿಲ್ಲ.

ಒತ್ತಡ ಇಳಿದ ಮೇಲೆ ಕೆಲಸಕ್ಕೆ ಬಂದ ಹಿರಿಸೊಸೆ ನೇರ ಮೇಸ್ತ್ರಿಯ ಕೋಣೆಗೆ ನುಗ್ಗಿ, ಅವನದೇ ಕುರ್ಚಿಯನ್ನು ಇಸ್ತ್ರಿಮೇಜಿಗೆ ಎಳೆದುಕೊಂಡು ಬಂದು ಕೂತಳು.

"ಏಯ್, ನಿನಗೇನು ಆಪರೇಷನ್ ಆಗಿದ್ಯಾ?"

"ಗುಳಿಗೆ ನುಂಗೋರಿಗೂ ಕಾಲು ನೋಯತ್ತೆ ಮೇಸ್ತ್ರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ವಾರಗಿತ್ತಿ ಕಿಟಕಿ ಬಿಟ್ಟು, ತನ್ನ ಕುರ್ಚಿಯನ್ನು ಕರಕರ ಎಳೆದು ಅಕ್ಕನ ಪಕ್ಕಕ್ಕೇ ಹಾಕಿದಳು. ಕೋಣೆಯಲ್ಲಿದ್ದ ಉಳಿದ ಒಂಬತ್ತು ಹೆಂಗಸರ ಇಸ್ತ್ರಿಪೆಟ್ಟಿಗೆಗಳೂ ಒಂದೊಂದಾಗಿ ಕೆಲಸ ನಿಲ್ಲಿಸಿದವು.

ಹಿರಿಸೊಸೆ ಪಕ್ಕಕ್ಕೆ ಓರೆಗಣ್ಣು ಹಾಯಿಸಿದಳು.

"ಓಹೋ, ನಿನ್ನದಕ್ಕೆ ಮೆತ್ತೆ ಬೇರೆ! ಇತ್ತ ಕೊಡೇ."