ತೋಪಿನ ಬೆನ್ನಿನ ಮೊಳೆ

ಬೆಳಗಿನ ಆರೂವರೆಗೆ ಗಾಳೆವ್ವ ಹಳೆಯ ಕಂಚಿನ ತೋಪಿನ ಬೆನ್ನ ಮೇಲೆ ಕಬ್ಬಿಣದ ಮೊಳೆಯೊಂದನ್ನು ಇಟ್ಟು, ಅದರ ಮೇಲೆ ಗಂಧ ಮೆತ್ತಿದಳು. ಆಯುಧಪೂಜೆಯ ದಿನ. ಕೋಟೆಯ ಪೂರ್ವದ ಬುರುಜಿನ ಮೇಲೆ ಅವಳನ್ನು ಬಿಟ್ಟರೆ ನಾನು, ಪುರಸಭೆಯ ಒಬ್ಬ ಜವಾನ ಮತ್ತು ಎರಡು ಆಡು. ಆಡುಗಳು ಹಿಂದಿನ ದಿನದ ಬಾಳೆಎಲೆ ತಿನ್ನುತ್ತಿದ್ದವು.

ಆಗ ನಾನು ಆ ಊರಿನ ಪತ್ರಿಕೆಯಲ್ಲಿ ವರದಿಗಾರ. ದೂರದ ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಸತ್ತವರ ಹೆಸರುಗಳು ತಂತಿಯಲ್ಲಿ ಬರುತ್ತಿದ್ದವು. ಅವುಗಳ ಕಾಗುಣಿತ ಸರಿಪಡಿಸಿ ಅಚ್ಚಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಮೊದಮೊದಲು ಪ್ರತಿ ಹೆಸರನ್ನೂ ಎರಡು ಸಲ ಓದುತ್ತಿದ್ದೆ. ಆ ಹೊತ್ತಿಗೆ ಒಂದೇ ಸಲ ಓದುವಷ್ಟು ದಣಿದಿದ್ದೆ.

ಆ ವರ್ಷ ಸಂಪಾದಕರು ಊರಿನ ಆಯುಧಗಳ ಮೇಲೆ ವಿಶೇಷ ಲೇಖನ ಬರೆಯಲು ಹೇಳಿದ್ದರು. ಹುಡುಕುತ್ತ ಹೋದಂತೆ ಆಯುಧಕ್ಕಿಂತ ಆಯುಧ ಬದಲಾದಾಗ ಜನ ಏನಾದರು ಎಂಬುದೇ ಹೆಚ್ಚು ಸಿಕ್ಕಿತು. ಊರಲ್ಲಿ ಬಿಲ್ಲುಗಾರರ ಓಣಿ ಇತ್ತು. ಅಲ್ಲಿ ಒಂದು ಬಿಲ್ಲೂ ಇರಲಿಲ್ಲ. ಕೋಟೆ ಬಾಗಿಲಿನ ಶಾಸನದ ಪ್ರಕಾರ, ತೋಪು ಬಂದ ವರ್ಷವೇ ಪಾಳೆಯಗಾರ ಬಿಲ್ಲುಗಾರರಿಗೆ ಕೊಟ್ಟಿದ್ದ ಉಂಬಳಿ ಹೊಲಗಳನ್ನು ಹಿಂದಕ್ಕೆ ಪಡೆದ. ಅವರಲ್ಲಿ ಅರ್ಧ ಜನ ಚಾಪೆ ಹೆಣೆಯಲು ಕೂತರು. ಉಳಿದ ಅರ್ಧ ಕೆಲಸ ಹುಡುಕಿಕೊಂಡು ನೆರೆಯ ದೊರೆಯ ಸೈನ್ಯ ಸೇರಿದರು. ಕತ್ತಿ ಬಡಿಯುತ್ತಿದ್ದ ಕಮ್ಮಾರರು ಕುಡುಗೋಲಿಗೆ ಇಳಿದರು. ತೋಪು ಎರಕ ಹೊಯ್ಯಲು ಕಂಚು ಸಾಲದೆ ಮನೆಮನೆಯ ಹಂಡೆ, ಗುಡಿಯ ಗಂಟೆ ಎಲ್ಲ ಕರಗಿದವು. ಗುಡಿಯಲ್ಲಿ ಆಗಲೂ ಗಂಟೆಯ ಸರಪಳಿ ಮಾತ್ರ ತೂಗುತ್ತಿತ್ತು.

ಇದಾದ ಮೇಲಿನದು ಊರಿಗೆಲ್ಲ ಗೊತ್ತಿದ್ದ ಕತೆ. ನೆರೆಯ ದೊರೆ ದಂಡೆತ್ತಿ ಬಂದಾಗ ತೋಪಿನ ಗಾದಿಲಿಂಗ ಈ ಬುರುಜಿನಿಂದ ಒಂದೇ ಒಂದು ಗುಂಡು ಹಾರಿಸಿದ. ದೊರೆಯ ಆನೆ ಉರುಳಿತು. ದಂಡು ಹಿಂದಕ್ಕೆ ಹೋಯಿತು. ಅದಕ್ಕಾಗಿ ಆಯುಧಪೂಜೆಯ ಮೊದಲ ವೀಳ್ಯ ಆ ವರ್ಷದವರೆಗೂ ಅವನ ಮನೆತನಕ್ಕೆ. ಮೊಳೆ ಇಡುವುದು ಆ ಮನೆಯ ಹಿರಿ ಸೊಸೆಯ ಕೆಲಸ. ಗಂಡ ತೀರಿಕೊಂಡ ಮೇಲೂ ಗಾಳೆವ್ವ ತಪ್ಪಿಸಿರಲಿಲ್ಲ. ಯಾಕೆ ಇಡುತ್ತೀರಿ ಎಂದು ಕೇಳಿದೆ.

"ನಮ್ಮತ್ತಿ ಇಡು ಅಂದ್ಲು, ಇಡ್ತೀನ್ರಿ. ಆಕೀಗೆ ಆಕಿ ಅತ್ತಿ ಹೇಳಿದ್ಲಂತ."

ಅವಳ ಒಬ್ಬನೇ ಮಗ ಹೂಲೆಪ್ಪ ಸೈನ್ಯಕ್ಕೆ ಆಯ್ಕೆಯಾಗಿದ್ದ. ದೀಪಾವಳಿ ಕಳೆದ ಮಾರನೆಯ ದಿನ ಊರಿನ ಹುಡುಗರನ್ನು ಬೀಳ್ಕೊಡುವ ಸಮಾರಂಭ. ಪುರಸಭೆಯ ಅಧ್ಯಕ್ಷ ಕೊಟ್ರಬಸಪ್ಪನವರಿಗೆ ಅಲ್ಲೊಂದು ಆಲೋಚನೆ ಹೊಳೆಯಿತು: ತೋಪಿಗೆ ಹೊಸ ಮದ್ದು ತುಂಬಿ, ಗುಂಡಿಲ್ಲದೆ ಬರೀ ಸದ್ದು ಮಾಡಿಸುವುದು, ಬೆಂಕಿ ಮುಟ್ಟಿಸುವವನು ಗಾದಿಲಿಂಗನ ವಂಶದ ಹೂಲೆಪ್ಪ. ಊರು ಹಿಗ್ಗಿತು. ಹೂಲೆಪ್ಪ ಹೊಸ ಅಂಗಿ ಹೊಲಿಸಿದ.

ದೀಪಾವಳಿಗೆ ಮೊದಲೇ ಕಮ್ಮಾರ ಮೌನೇಶಪ್ಪ ಬುರುಜು ಹತ್ತಿದ. ತೋಪಿನ ಬಾಯಿಗೆ ಮರದ ಬಿರಡೆ ಜಡಿದು ಅರಗು ಮೆತ್ತಿದ್ದರು, ಅದನ್ನು ಕಿತ್ತ. ಬೆನ್ನ ಮೇಲೆ ತಲೆಮಾರುಗಳ ಗಂಧ, ಕುಂಕುಮ, ತುಕ್ಕು ಹಿಡಿದ ಮೊಳೆಗಳು ಸೇರಿ ಒಣಗಿ ಅಂಗೈ ದಪ್ಪಕ್ಕೆ ಕಲ್ಲಾಗಿತ್ತು. ಅದನ್ನು ಉಳಿಯಿಂದ ಕೆತ್ತಿದಾಗ ಬತ್ತಿ ಇಡುವ ಕಂಡಿ ಕಾಣಲಿಲ್ಲ. ಅದು ಇರಬೇಕಾದ ಕಡೆ ಒಂದು ಮೊಳೆಯ ತಲೆ ಇತ್ತು. ಇಟ್ಟದ್ದಲ್ಲ, ಸುತ್ತಿಗೆಯಿಂದ ಬಡಿದು ಕೂರಿಸಿದ್ದು. ಆ ಕಂಡಿ ಮುಚ್ಚಿದರೆ ಮದ್ದಿಗೆ ಬೆಂಕಿ ತಲುಪದು, ತೋಪು ಹಾರದು.

ಮೌನೇಶಪ್ಪ ಸಲಾಕೆಯೊಂದನ್ನು ಕೆಂಪಗೆ ಕಾಯಿಸಿ, ಮೊಳೆಯನ್ನು ಅದರಿಂದಲೇ ಸಡಿಲಿಸುತ್ತೇನೆ ಎಂದ. ಹೂಲೆಪ್ಪ ತೋಪಿನ ಮೇಲೆ ಕುದುರೆ ಹತ್ತಿದಂತೆ ಕೂತು ಇಕ್ಕಳ ಹಿಡಿದಿದ್ದ. ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದ ಅಧ್ಯಕ್ಷರು ಬೇಗ ಬೇಗ ಎನ್ನುತ್ತಿದ್ದರು. ಗಾಳೆವ್ವ ಮೆಟ್ಟಿಲು ಹತ್ತಿ ಬಂದಳು.

"ಆ ಮೊಳೀ ತೆಗೀಬ್ಯಾಡ್ರಿ."

"ಯಾಕವ್ವ?" ಅಧ್ಯಕ್ಷರು ಕೇಳಿದರು.

"ಯಾಕಂತ ನನಗ ಗೊತ್ತಿಲ್ರಿ. ಇಡಾಕ ಹೇಳ್ಯಾರ, ತೆಗ್ಯಾಕ ಯಾರೂ ಹೇಳಿಲ್ಲ."

ಜನ ನಕ್ಕರು. ಮಗ, "ಅವ್ವ, ನೀ ಮನಿಗೆ ಹೋಗು, ನಾಲ್ಕ್ ಮಂದ್ಯಾಗ ಮರ್ಯಾದಿ ಕಳೀಬ್ಯಾಡ" ಎಂದ. ಅವಳು ಹೋಗಲಿಲ್ಲ. ತೋಪಿನ ಪಕ್ಕದಲ್ಲೇ ಕೂತಳು.

ಆ ಹೊತ್ತಿನಲ್ಲಿ ನಾನು ಲೇಖನಕ್ಕಾಗಿ ತೋಪಿನ ಅಳತೆ ತೆಗೆಯುತ್ತಿದ್ದೆ. ಇದು ಪತ್ರಿಕೆಯವರ ಚಟ; ಉದ್ದ, ದಪ್ಪ ಇಲ್ಲದೆ ಏನನ್ನೂ ಬರೆಯಲಾಗುವುದಿಲ್ಲ. ಹೊರಗಿನಿಂದ ತೋಪು ಆರು ಮೊಳ. ಬಾಯಿಯಿಂದ ಬಿದಿರಿನ ಗಳು ತೂರಿಸಿದರೆ ನಾಲ್ಕೂವರೆ ಮೊಳಕ್ಕೇ ನಿಂತಿತು. ಹಿಂಬದಿಯ ಕಂಚಿನ ದಪ್ಪ ಒಂದು ಗೇಣು ಎಂದು ಕಳೆದರೂ ಒಂದು ಮೊಳ ಲೆಕ್ಕಕ್ಕೆ ಸಿಗಲಿಲ್ಲ. ಗಳುವನ್ನು ಇನ್ನೊಮ್ಮೆ ಒತ್ತಿದೆ. ಒಳಗೆ ಯಾವುದೋ ಗಟ್ಟಿ ವಸ್ತುವಿಗೆ ತಾಗಿ ಟಕ್ ಎಂದಿತು.

ಮೌನೇಶಪ್ಪ ಕಾದ ಸಲಾಕೆಯನ್ನು ಎತ್ತಿದ್ದ. ನಾನು ಅವನ ರಟ್ಟೆ ಹಿಡಿದೆ. ಒಳಗೆ ಗುಂಡು ಇದೆ, ಅದರ ಹಿಂದೆ ಮದ್ದು ಇದೆ ಎಂದೆ. ಅವನು ಕೂಡಲೇ ಸಲಾಕೆಯನ್ನು ನೀರಿನ ಬಕೆಟ್ಟಿಗೆ ಇಳಿಸಿದ. ಹೂಲೆಪ್ಪ ತೋಪಿನ ಮೇಲೆ ಕೂತೇ ಇದ್ದ. ಇಳಿಯಬೇಕೆಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಾಯಿಗೆ ನೀರು ಹೊಯ್ದು ರಾತ್ರಿಯಿಡೀ ನೆನೆಯಲು ಬಿಟ್ಟರು. ಮೊದಲ ಕೊಡ ಹೊಯ್ದವಳು ಗಾಳೆವ್ವ. ಮರುದಿನ ಬಗ್ಗಿಸಿದಾಗ ಗಂಧಕದ ವಾಸನೆಯ ಕಪ್ಪು ರಾಡಿ ಬುರುಜಿನ ಗೋಡೆಗುಂಟ ಇಳಿಯಿತು. ಅದರ ಹಿಂದೆ ಕೊಳೆತ ಬಟ್ಟೆಯ ಉಂಡೆ, ಕಬ್ಬಿಣದ ಗುಂಡು. ನೀರು ಹೊಯ್ಯುವವರೆಗೆ ಒಳಭಾಗ ಅರಗಿನ ದೆಸೆಯಿಂದ ಒಣಗಿಯೇ ಇತ್ತು. ಇಟ್ಟ ಮೊಳೆ, ಮೆತ್ತಿದ ಗಂಧ, ಜಡಿದ ಬಿರಡೆ, ಎಲ್ಲವೂ ಸೇರಿ ಊರು ತಲೆಮಾರುಗಳ ಕಾಲ ತುಂಬಿದ ತೋಪೊಂದನ್ನು ಜೋಪಾನ ಮಾಡಿತ್ತು.

ಸಾಯಂಕಾಲದ ಹೊತ್ತಿಗೆ ಊರಿಗೆ ಇನ್ನೊಂದು ವಿಷಯ ಅರ್ಥವಾಯಿತು. ಗುಂಡು ಒಳಗೇ ಇದ್ದರೆ ಆನೆ ಹೇಗೆ ಬಿತ್ತು?

ಕೊಟ್ರಬಸಪ್ಪನವರು ಪತ್ರಿಕೆಯ ಕಚೇರಿಗೆ ಬಂದರು. ಅದು ಎರಡನೆಯ ಗುಂಡಾಗಿರಬೇಕು ಎಂದರು. ಮತ್ತೆ ಮೊಳೆ ಯಾಕೆ ಎಂದು ಕೇಳಿದೆ. ಶತ್ರುಗಳು ಬಡಿದಿರಬೇಕು ಎಂದರು. ಶತ್ರು ಕೋಟೆಯೊಳಗೆ ಕಾಲಿಡಲೇ ಇಲ್ಲ ಎನ್ನುವುದು ಅದೇ ಕತೆಯ ಕೊನೆ ಎಂದು ನೆನಪಿಸಿದೆ. ಅವರು ಚಹಾ ಮುಗಿಸಿದರು.

"ಮದ್ದಿತ್ತು ಅಂತ ಬರೀರಿ. ಆನಿ ವಿಷಯ ಯಾಕ್ ಬೇಕು? ಬಿದ್ದದ್ದು ಬಿದ್ಹಾಂಗ ಇರ್ಲಿ ಬಿಡ್ರಿ."

ನಾನು ಕಂಡಷ್ಟನ್ನೇ ಬರೆದೆ: ತುಂಬಿದ ಗುಂಡು ಹಾರಿರಲಿಲ್ಲ, ಕಂಡಿಗೆ ಮೊಳೆ ಬಡಿದಿತ್ತು. ಸಂಪಾದಕರು ಅದನ್ನು ಆರು ಸಾಲಿಗೆ ಇಳಿಸಿ ಕೊನೆಯ ಪುಟದಲ್ಲಿ ಹಾಕಿದರು. ಮೊದಲ ಪುಟದ ತುಂಬ ಅಂದು ತಂತಿಯ ಹೆಸರುಗಳಿದ್ದವು.

ಆರು ಸಾಲು ಸಾಕಾಯಿತು. ಗಾದಿಲಿಂಗ ಹೆದರುಪುಕ್ಕಲ ಎಂದರು ಕೆಲವರು. ದುಡ್ಡು ತಿಂದ ಎಂದರು ಇನ್ನು ಕೆಲವರು. ಹೂಲೆಪ್ಪ ಹೊಸ ಅಂಗಿ ತೊಡಲಿಲ್ಲ. ನಾನು ಅವರ ಮನೆಗೆ ಹೋದಾಗ ಅವನು ಜಗುಲಿಯಲ್ಲಿ ಕೂತಿದ್ದ, ಮುಖ ಎತ್ತಲಿಲ್ಲ.

"ನಮ್ಮಜ್ಜ ಹೆದರಿದ್ನೇನ್ರಿ?"

ಗೊತ್ತಿಲ್ಲ ಎಂದೆ. ಒಳಗೆ ಜೋಳ ಕೇರುತ್ತಿದ್ದ ಗಾಳೆವ್ವ ಮೊರ ನಿಲ್ಲಿಸಿದಳು.

"ಹೆದರಿದಾಂವ ಓಡಿಹೋಗ್ತಾನಪ್ಪ. ಅಲ್ಲೇ ಕುಂತು ಮೊಳೀ ಬಡಿಯೂದಿಲ್ಲ. ಬಡ್ದು, ಹೆಂಡ್ತಿಗೆ ವರ್ಷಾ ಒಂದು ಇಡು ಅಂತ ಹೇಳೂದಿಲ್ಲ."

ಮತ್ತೆ ಮೊರದ ಸದ್ದು. ಹೂಲೆಪ್ಪ ಎದ್ದು ಒಳಗೆ ಹೋಗಿ ಅವ್ವನ ಮುಂದಿನ ಕಾಳಿನ ಚೀಲವನ್ನು ಸರಿಸಿ ಕೊಟ್ಟ. ಹೊರಡುವಾಗ ನಾನು ಅವಳ ತವರು ಯಾವುದೆಂದು ಕೇಳಿದೆ. ಬಿಲ್ಲುಗಾರರ ಓಣಿ ಎಂದಳು. ಅವಳ ಅತ್ತೆಯದೂ ಅದೇ ಓಣಿ. ತೋಪಿನವರ ಮನೆಗೆ ಹೆಣ್ಣು ತರುವುದು ಮೊದಲಿನಿಂದಲೂ ಅಲ್ಲಿಂದಲೇ ಅಂತೆ. ಹಾಗಾದರೆ ಅಂದು ಬುರುಜಿನ ಕೆಳಗೆ ನೆರೆಯ ದೊರೆಯ ಸೈನ್ಯದಲ್ಲಿ ನಿಂತಿದ್ದವರಲ್ಲಿ ಗಾದಿಲಿಂಗನ ಹೆಂಡತಿಯ ಅಣ್ಣತಮ್ಮಂದಿರೂ ಇದ್ದಿರಬಹುದು. ಇವನ್ನು ಜೋಡಿಸುವ ಆಧಾರ ನನ್ನ ಬಳಿ ಇರಲಿಲ್ಲ. ಹಾಗಾಗಿ ಬರೆಯಲಿಲ್ಲ.

ಸಮಾರಂಭದಲ್ಲಿ ಪಟಾಕಿ ಹೊಡೆದರು. ಮುಂದಿನ ಆಯುಧಪೂಜೆಯ ಮೊದಲ ವೀಳ್ಯ ಅಧ್ಯಕ್ಷರ ಮನೆಗೆ ಹೋಯಿತು. ಅಂದು ಬೆಳಗ್ಗೆ ನಾನು ಬುರುಜು ಹತ್ತಿದಾಗ, ಕೆತ್ತಿ ಬರಿದಾಗಿದ್ದ ಕಂಚಿನ ಮೇಲೆ ಹಸಿ ಗಂಧ ಇತ್ತು, ಅದರೊಳಗೆ ಹೊಸ ಮೊಳೆ ಇತ್ತು. ಯಾರೂ ಕರೆದಿರಲಿಲ್ಲ, ಅವಳು ಬಂದು ಹೋಗಿದ್ದಳು.

ಹೂಲೆಪ್ಪ ಮೊದಲ ರಜೆಗೆ ಬಂದಾಗ ಸಿಕ್ಕಿದ. ಹೊರಟ ದಿನ ಅವ್ವ ಬುತ್ತಿಯ ಗಂಟಿನೊಳಗೆ ಒಂದು ಮೊಳೆ ಇಟ್ಟಿದ್ದಳಂತೆ. ತರಬೇತಿ ಶಿಬಿರದ ಬಾಗಿಲಲ್ಲಿ ಸಾಮಾನು ಶೋಧಿಸಿದವರು ಅದನ್ನು ಇಸಿದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವನನ್ನು ತೋಪು ಹಾರಿಸುವ ಫಿರಂಗಿ ದಳಕ್ಕೆ ಹಾಕಿದರು.